ಬೇರೆಯವರ ಬೇಸ್‌ಮೆಂಟಿನಲ್ಲಿ ಇಟ್ಟ ಹಿತ್ತಾಳೆ

ವಿಕ್ಸಮ್‌ನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ, ಉಪ್ಪಿನಕಾಯಿ ಜಾಡಿಗಳ ಕಪಾಟಿನ ಎದುರು ಒಂದು ಉದ್ದನೆಯ ಬೆಂಚು ಇದೆ. ಮೇಲೆ ಒಂದು ದೀಪ, ಭೂತಗನ್ನಡಿ, ಹಳೆಯ ಟವೆಲ್. ಕೆಳಗೆ ಮೊಸರಿನ ಖಾಲಿ ಡಬ್ಬಿಗಳ ಸಾಲು. ಆ ಡಬ್ಬಿಗಳಲ್ಲಿ ಇರುವುದು ಹಿತ್ತಾಳೆ: ಕೋವಿಯಿಂದ ಗುಂಡು ಹಾರಿದ ಮೇಲೆ ಹಿಂದೆ ಉಳಿಯುವ ಖಾಲಿ ಕೊಳವೆಗಳು. ಇಲ್ಲಿ ಅವಕ್ಕೆ ಕೇಸ್ ಎನ್ನುತ್ತಾರೆ. ಅವನ್ನು ತೊಳೆದು, ಅಳತೆಗೆ ತಂದು, ಹೊಸದಾಗಿ ಮದ್ದು ಮತ್ತು ಗುಂಡು ಕೂರಿಸಿದರೆ ಮತ್ತೆ ಹಾರಿಸಬಹುದು. ಮನೆಯಲ್ಲೇ ಮಾಡುವ ಈ ಕೆಲಸಕ್ಕೆ ರೀಲೋಡಿಂಗ್ ಎಂದು ಹೆಸರು. ಮಿಷಿಗನ್ನಿನಲ್ಲಿ ಇದು ಮೀನು ಹಿಡಿಯುವಷ್ಟೇ ಸಾಧಾರಣ ಹವ್ಯಾಸ. ನಮ್ಮ ಕನ್ನಡದ ಮನೆಗಳಲ್ಲಿ ಮಾತ್ರ, ನಾನು ಇದನ್ನು ಹೇಳಿದ ಕೂಡಲೇ ಎದುರಿಗಿರುವವರ ಕಾಫಿ ಲೋಟ ಅರ್ಧ ದಾರಿಯಲ್ಲಿ ನಿಂತುಬಿಡುತ್ತದೆ.

ಶುರುವಾದದ್ದು ಯಜಮಾನರಿಂದ. ವಾರೆನ್‌ನಲ್ಲಿ ಅವರ ಜೊತೆ ಕೆಲಸ ಮಾಡುವವರೊಬ್ಬರು ಒಂದು ಶನಿವಾರ ನಮ್ಮಿಬ್ಬರನ್ನೂ ಗುರಿ ಹೊಡೆಯುವ ರೇಂಜಿಗೆ ಕರೆದೊಯ್ದರು. ಇವರು ಕಿವಿ ನೋಯುತ್ತದೆ ಎಂದು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ನಾನು ಹೋಗುತ್ತಲೇ ಇದ್ದೇನೆ. ಬೆಂಗಳೂರಿನಲ್ಲಿ ಬಹಳ ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ಬರಹದ ತಪ್ಪು ಹುಡುಕಿದವಳು ನಾನು. ಗುರಿಗಿಂತ ಹೆಚ್ಚಾಗಿ ನನಗೆ ಹಿಡಿಸಿದ್ದು ಕೇಸ್ ಆರಿಸುವ ಕೆಲಸ. ಅದೂ ಪ್ರೂಫ್ ನೋಡುವುದೇ.

ಪ್ರತಿ ಕೇಸಿನ ತಳದಲ್ಲಿ ತಯಾರಿಸಿದ ಕಾರ್ಖಾನೆಯ ಗುರುತು ಅಚ್ಚಾಗಿರುತ್ತದೆ. ಒಂದು ಗುರುತಿನವು ಒಂದು ಡಬ್ಬಿಗೆ. ಹೊರಗಿನಿಂದ ಎಲ್ಲವೂ ಒಂದೇ ಥರ ಕಂಡರೂ ಒಳಗೆ ಗೋಡೆಯ ದಪ್ಪ ಬೇರೆ ಬೇರೆ. ಬಾಯಿಯ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಕಸಕ್ಕೆ. ತಳದಿಂದ ಸ್ವಲ್ಪ ಮೇಲೆ, ಸುತ್ತಲೂ ಒಂದು ಹೊಳೆಯುವ ಗೆರೆ ಕಂಡರೆ, ತುದಿ ಬಗ್ಗಿಸಿದ ತಂತಿಯನ್ನು ಒಳಗಿಳಿಸಿ ಗೋಡೆ ಸವರಿ ನೋಡಬೇಕು. ತಂತಿ ತೊಡರಿದ ಕಡೆ ಲೋಹ ತೆಳುವಾಗಿದೆ ಎಂದರ್ಥ. ಅಂಥದ್ದು ಇನ್ನೊಂದು ಸಲ ಹಾರಿಸಿದರೆ ಎರಡು ತುಂಡಾಗುತ್ತದೆ, ಮುಖದ ಪಕ್ಕದಲ್ಲೇ. ಆಮೇಲೆ ತಳದ ನಡುವಿನ ಪ್ರೈಮರ್. ಅದು ಕಿಡಿ ಕೊಡುವ ಪುಟ್ಟ ಬಟ್ಟಲು. ಕೋವಿಯ ಸೂಜಿ ಅದಕ್ಕೆ ಹೊಡೆದಾಗ ಒಂದು ಗುಳಿ ಬೀಳುತ್ತದೆ. ಗುಳಿ ಇದ್ದರೆ ಅದರ ಕೆಲಸ ಮುಗಿದಿದೆ. ಗುಳಿ ಇಲ್ಲದಿದ್ದರೆ ಯಾರೋ ಹೊಸ ಪ್ರೈಮರ್ ಕೂರಿಸಿ ಇಟ್ಟಿದ್ದಾರೆ, ಅದು ಇನ್ನೂ ಜೀವಂತ. ಮೇಲಿನಿಂದ ನೋಡಿದರೆ ಎರಡೂ ಖಾಲಿಯೇ. ವ್ಯತ್ಯಾಸ ತಿಳಿಯಬೇಕಾದರೆ ತಿರುಗಿಸಿ ನೋಡಬೇಕು.

ಇಡುವುದಕ್ಕೂ ಕ್ರಮವಿದೆ. ತೊಳೆದದ್ದು ಪೂರ್ತಿ ಒಣಗುವ ಮೊದಲು ಮುಚ್ಚಳ ಹಾಕಿದರೆ ಹಸಿರು ಹಿಡಿಯುತ್ತದೆ. ಅಮೋನಿಯಾ ಇರುವ ಯಾವುದನ್ನೂ ಹತ್ತಿರ ತರಬಾರದು. ಅದು ಹಿತ್ತಾಳೆಯನ್ನು ಒಳಗಿಂದಲೇ ಪೆಡಸು ಮಾಡುತ್ತದೆ, ಹೊರಗೆ ಮಾತ್ರ ಫಳಫಳ ಹೊಳೆಯುತ್ತಿರುತ್ತದೆ. ಎಲ್ಲಕ್ಕಿಂತ ಮುಖ್ಯ, ಪ್ರತಿ ಡಬ್ಬಿಗೂ ಚೀಟಿ ಅಂಟಿಸಬೇಕು: ಯಾವ ಗುರುತು, ಎಷ್ಟು ಸಲ ಹಾರಿದ್ದು, ಪ್ರೈಮರ್ ಇದೆಯೋ ಇಲ್ಲವೋ. ಚೀಟಿ ಇಲ್ಲದ ಹಿತ್ತಾಳೆ ನನಗೆ ಯಾರು ಕಳಿಸಿದರೆಂದು ಗೊತ್ತಿಲ್ಲದ ಸುದ್ದಿಯ ಹಾಗೆ. ಎಷ್ಟೇ ಚೆನ್ನಾಗಿದ್ದರೂ ಮುಂದಕ್ಕೆ ಕಳಿಸುವುದಿಲ್ಲ.

ಇಷ್ಟನ್ನು ನನಗೆ ಕಲಿಸಿದವರಲ್ಲಿ ಒಬ್ಬರು ಡಾಕ್ಟರ್. ಧಾರವಾಡದ ಕಡೆಯವರು, ಚಿಕಾಗೋದ ಪಶ್ಚಿಮದ ಉಪನಗರವೊಂದರಲ್ಲಿ ಅರ್ಧ ಆಯುಷ್ಯ ಕಳೆದವರು, ಅಲ್ಲಿನ ಕನ್ನಡ ಸಂಘಕ್ಕೆ ಹಿರಿಯರು. ಅಲ್ಲಿಯ ಹುಡುಗರಿಗೆಲ್ಲ ಅವರು ಅಂಕಲ್. ನಾನೂ ಇಲ್ಲಿ ಹಾಗೆಯೇ ಬರೆಯುತ್ತೇನೆ. ಅವರು ಸಿಟಿಜನ್, ನಾನೂ ಸಿಟಿಜನ್. ಕೋವಿ ಇಟ್ಟುಕೊಳ್ಳಲು ನಮ್ಮಿಬ್ಬರಿಗೂ ಅಡ್ಡಿ ಇಲ್ಲ.

ಕೆಲವು ವರ್ಷಗಳ ಹಿಂದೆ ಅವರು ಡೆಟ್ರಾಯಿಟ್ ಕಡೆ ಬಂದಿದ್ದಾಗ ರೇಂಜಿಗೆ ಕರೆದುಕೊಂಡು ಹೋಗಿದ್ದೆ. ನಮ್ಮ ಜೊತೆ ನೋಡಲು ಬಂದಿದ್ದ ಒಬ್ಬ ಹೊಸ ಸಾಫ್ಟ್‌ವೇರ್ ಹುಡುಗ, ನೆಲದ ಮೇಲೆ ಬಿದ್ದಿದ್ದ ಖಾಲಿ ಕೇಸುಗಳನ್ನು ಹೆಕ್ಕಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಅಂಕಲ್ ಅವನ ಕೈ ಹಿಡಿದು ನಿಲ್ಲಿಸಿದರು.

"ತಮ್ಮಾ, ಕೆಳಗ ಇಡು. ನೀ ವರ್ಕ್ ವೀಸಾದಾಗ ಇದ್ದೀ ಹೌದಲ್ಲೋ? ವೀಸಾದವ್ರು ಇದನ್ನ ಇಟ್ಕೊಳ್ಳೂಹಂಗಿಲ್ಲ."

"ಖಾಲಿ ಅಲ್ವಾ ಅಂಕಲ್, ಕೀಚೈನ್ ಮಾಡ್ಕೊಳೋಣ ಅಂತ."

"ಖಾಲಿ ಇದ್ರೂ ಕಾಯ್ದೆದಾಗ ಇದು ಮದ್ದುಗುಂಡಿನ ಲೆಕ್ಕನ. ಬ್ಯಾಟಿ ಲೈಸೆನ್ಸ್ ಇದ್ರ ಮಾತು ಬ್ಯಾರೆ. ಇಲ್ಲಾಂದ್ರ ಮನೀಗೆ ಒಯ್ಯಬ್ಯಾಡ. ನಾಳೆ ಗ್ರೀನ್ ಕಾರ್ಡಿಗೆ ಕುತ್ತಿಗಿ ಹಿಡೀತಾರ."

ಹುಡುಗ ಎಲ್ಲವನ್ನೂ ಕೆಳಗೆ ಸುರಿದ. ನನಗೂ ಆವರೆಗೆ ಈ ವಿಷಯ ಗೊತ್ತಿರಲಿಲ್ಲ. ಮನೆಗೆ ಬಂದು ಫೆಡರಲ್ ಕಾನೂನನ್ನು ಓದಿದೆ. ಅವರು ಹೇಳಿದ್ದು ಸರಿಯಾಗಿತ್ತು. ಮದ್ದುಗುಂಡು ಎಂದರೇನು ಎಂಬ ವ್ಯಾಖ್ಯೆಯಲ್ಲಿ ಖಾಲಿ ಕೇಸೂ ಸೇರಿದೆ. ಈ ಮಾತನ್ನು ಅಂದು ಹೇಳಿದವರು ಅವರು, ಕೇಳಿದವಳು ನಾನು. ಮುಂದೆ ಬರೆಯುವುದಕ್ಕೆಲ್ಲ ಇದು ಆಧಾರ. ಆದ್ದರಿಂದ ಮೊದಲೇ ದಾಖಲಿಸಿದ್ದೇನೆ.

ನನ್ನ ತಂಗಿಯ ಮಗಳು ಮತ್ತು ಅವಳ ಗಂಡ ಅದೇ ಉಪನಗರದಲ್ಲಿ ಇದ್ದಾರೆ. ಇಬ್ಬರೂ ಮೈಸೂರಿನವರು, ಇಬ್ಬರದೂ ಐಟಿ ಕೆಲಸ, ಇಬ್ಬರೂ ವರ್ಕ್ ವೀಸಾದಲ್ಲಿ. ವರ್ಷಗಟ್ಟಲೆ ಸರದಿಯಲ್ಲಿ ನಿಂತ ಅವರ ಗ್ರೀನ್ ಕಾರ್ಡ್ ಅರ್ಜಿ ಕಳೆದ ದಸರೆಯ ಹೊತ್ತಿಗೆ ಕೊನೆಯ ಮೆಟ್ಟಿಲಿಗೆ ಬಂದಿತ್ತು. ವಿಜಯದಶಮಿಯ ಮರುವಾರ ಸಂದರ್ಶನ. ಅದೊಂದು ಮುಗಿದರೆ ಹುಡುಗಿ ಅಮ್ಮನನ್ನು ನೋಡಲು ಮೈಸೂರಿಗೆ ಹೋಗಿ, ವಾಪಸ್ ಬಿಡುತ್ತಾರೋ ಇಲ್ಲವೋ ಎಂಬ ಭಯವಿಲ್ಲದೆ ಬರಬಹುದಿತ್ತು. ಅವಳು ಹೋಗದೆ ಎಷ್ಟೋ ವರ್ಷವಾಗಿತ್ತು.

ಅಂಕಲ್ ಅವರಿಬ್ಬರಿಗೂ ಹೊಸದರಲ್ಲಿ ಬಹಳ ಮಾಡಿದ್ದರು ಎಂಬುದನ್ನೂ ಬರೆಯಬೇಕು. ಮಲಗಲು ಹಾಸಿಗೆ ಕೊಟ್ಟಿದ್ದರು, ಡ್ರೈವಿಂಗ್ ಟೆಸ್ಟಿಗೆ ತಮ್ಮ ಕಾರನ್ನೇ ಕೊಟ್ಟಿದ್ದರು, ಮೊದಲ ಚಳಿಗಾಲಕ್ಕೆ ತಮ್ಮ ಮನೆಯ ಜಾಕೆಟ್ಟುಗಳನ್ನು ಹೊದಿಸಿದ್ದರು. ಅಂಥವರಿಗೆ ಇಲ್ಲ ಎನ್ನುವುದು ನಮ್ಮ ಮಕ್ಕಳಿಗೆ ಬರುವುದಿಲ್ಲ. ಅದು ಅಂಕಲ್‌ಗೂ ಗೊತ್ತಿತ್ತು.

ನವರಾತ್ರಿಯ ನಡುವಿನ ಶನಿವಾರ ನಾನೊಬ್ಬಳೇ ಡ್ರೈವ್ ಮಾಡಿಕೊಂಡು ಹೊರಟೆ. ಚಿಕಾಗೋದ ಇಂಡಿಯನ್ ಅಂಗಡಿಗಳ ಬೀದಿ ಡೆವನ್ ಅವೆನ್ಯೂನಲ್ಲಿ ಪಾರ್ಕಿಂಗ್ ಹುಡುಕಿ ಸುತ್ತು ಹೊಡೆದು, ವೀಳ್ಯದೆಲೆ, ಹೂವು, ಗೊಂಬೆ ನೋಡಲು ಬಂದವರಿಗೆ ಕೊಡುವ ಚರ್ಪಿಗೆ ಕಡಲೆಕಾಳು ಕೊಂಡು ಅವರ ಮನೆ ಮುಟ್ಟುವಾಗ ಸಂಜೆಯಾಗಿತ್ತು. ಅವಳು ಬಾಗಿಲಲ್ಲೇ ನನ್ನ ಕಣ್ಣು ಮುಚ್ಚಿ ಒಳಗೆ ಕರೆದುಕೊಂಡು ಹೋದಳು.

"ಈಗ ನೋಡಿ ದೊಡ್ಡಮ್ಮ."

ಮೆಟ್ಟಿಲು ಕಟ್ಟಿ, ಬಿಳಿ ಪಂಚೆ ಹಾಸಿ ಗೊಂಬೆ ಕೂರಿಸಿದ್ದಳು. ಮೇಲೆ ಪಟ್ಟದ ಗೊಂಬೆಗಳು. ಕೆಳಗಿನ ಮೆಟ್ಟಿಲಿನಲ್ಲಿ ರಟ್ಟಿನಲ್ಲಿ ಮಾಡಿದ ಅರಮನೆ. ಅರಮನೆಯ ಸುತ್ತ ಬೇಲಿಯ ಕಂಬಗಳ ಹಾಗೆ ಹಿತ್ತಾಳೆ ಕೇಸುಗಳು ಸಾಲಾಗಿ ನಿಂತಿದ್ದವು. ರೈಫಲ್ ಕೇಸುಗಳು, ಚಿನ್ನದ ಹಾಗೆ ಹೊಳೆಯುತ್ತಿದ್ದವು. ಒಂದರಿಂದ ಒಂದಕ್ಕೆ ಮಲ್ಲಿಗೆಯ ಸರ. ಮುಂಬಾಗಿಲ ಎರಡು ಕಂಬಗಳ ಬಾಯಿಯಲ್ಲಿ ಊದಿನಕಡ್ಡಿ ಉರಿಯುತ್ತಿತ್ತು.

"ಕಂಬ ಹೇಗಿದೆ? ಹುಣಸೆಹಣ್ಣು ಹಾಕಿ ಉಜ್ಜಿದ್ದು. ಆಮೇಲೆ ದೇವರ ದೀಪಕ್ಕೆ ಹಾಕ್ತೀವಲ್ಲ, ಆ ಪಾಲಿಶ್."

"ಉಜ್ಜಿದ್ದು ನಾನು," ಎಂದ ಅವಳ ಗಂಡ, ತಟ್ಟೆ ಹಿಡಿದುಕೊಂಡು ಬರುತ್ತಾ. "ಆಫೀಸ್ ಕಾಲಲ್ಲಿ ಮ್ಯೂಟ್ ಹಾಕ್ಕೊಂಡು ಉಜ್ಜಿದೀನಿ ದೊಡ್ಡಮ್ಮ. ಏನ್ ಸೌಂಡ್ ಅದು ಅಂತ ಮ್ಯಾನೇಜರ್ ಕೇಳಿದ್ರು."

"ಕ್ರೆಡಿಟ್ ತಗೊಳೋದ್ರಲ್ಲಿ ಮಾತ್ರ ಮುಂದೆ," ಎಂದಳು ಅವಳು.

ನಾನು ಬಗ್ಗಿ ಬೇಲಿಯ ಒಂದು ಕೇಸನ್ನು ಎತ್ತಿ ತಳ ನೋಡಿದೆ. ಅಭ್ಯಾಸಬಲ. ಪ್ರೈಮರಿನಲ್ಲಿ ಗುಳಿ ಇತ್ತು. ಇನ್ನೊಂದು ಎತ್ತಿದೆ. ಅದರಲ್ಲೂ ಇತ್ತು. ಊದಿನಕಡ್ಡಿ ಇದ್ದದ್ದನ್ನು ಎತ್ತಿದೆ. ಪ್ರೈಮರ್ ನುಣ್ಣಗಿತ್ತು, ಗುಳಿ ಇರಲಿಲ್ಲ.

ಕಡ್ಡಿಯನ್ನು ಎಳೆದು ಸಿಂಕಿಗೆ ಹಾಕಿ ನೀರು ಬಿಟ್ಟೆ. ಇನ್ನೊಂದು ಕಡ್ಡಿಯನ್ನೂ ಹಾಗೆಯೇ ಮಾಡಿ, ಮುಂದಿದ್ದ ಎಣ್ಣೆದೀಪಗಳನ್ನು ಆರಿಸಿ ದೂರ ಸರಿಸಿದೆ.

"ಇದು ಎಲ್ಲಿಂದ ಬಂತು?"

"ಅಂಕಲ್‌ದು. ಮನೆ ಸೇಲ್‌ಗೆ ಹಾಕಿದಾರಲ್ಲ, ಬೇಸ್‌ಮೆಂಟ್ ಖಾಲಿ ಮಾಡಿ ಅಂತ ಮನೆ ಮಾರಿಸೋ ರಿಯಲ್ಟರ್ ಹೇಳಿದ್ರಂತೆ. ಮನೆ ಮಾರೋವರೆಗೂ ಇಟ್ಕೊಳ್ಳಿ ಅಂತ ತಂದಿಟ್ರು."

"ಏನು ಅಂತ ಹೇಳಿದ್ರು?"

"ಹಿತ್ತಾಳೆ ಸಾಮಾನು ಅಂದ್ರು. ಆಮೇಲೆ ಮುಚ್ಚಳ ತೆಗೆದು ನೋಡ್ದಾಗ ಗೊತ್ತಾಯ್ತು ಬುಲೆಟ್‌ದು ಅಂತ. ಗೊಂಬೆಗೆ ತಗೊಳ್ಲಾ ಅಂತ ಫೋನ್ ಮಾಡಿ ಕೇಳ್ದೆ. ಎಷ್ಟ್ ಬೇಕೋ ತಗೋ ಮಗಳ, ಎಲ್ಲಾ ಖಾಲಿ ಅವ ಅಂದ್ರು. ಯಾಕೆ, ಖಾಲಿ ಅಲ್ವಾ?"

ಕೆಳಗೆ ಹೋಗಿ ನೋಡಿದೆ. ವಾಷಿಂಗ್ ಮೆಷಿನ್ ಪಕ್ಕದಲ್ಲಿ ಮುಚ್ಚಳ ಹಾಕಿದ ಪ್ಲಾಸ್ಟಿಕ್ ಬಕೆಟ್ಟುಗಳು. ಯಾವುದರ ಮೇಲೂ ಚೀಟಿ ಇಲ್ಲ. ನೀಲಿ ಮುಚ್ಚಳದ್ದೊಂದು ಬಿಟ್ಟು ಉಳಿದವುಗಳಲ್ಲಿ ಗುರುತುಗಳೆಲ್ಲ ಬೆರೆತುಹೋಗಿದ್ದವು. ಒದ್ದೆಯಲ್ಲೇ ಮುಚ್ಚಿದ್ದರಿಂದ ಒಂದು ಬಕೆಟ್ ಪೂರ್ತಿ ಹಸಿರು ಹಿಡಿದಿತ್ತು. ಪ್ರೈಮರ್ ಕೂರಿಸಿದವು ಹಾರಿದವುಗಳ ಜೊತೆಯಲ್ಲೇ ಬಿದ್ದಿದ್ದವು. ರೋಗಿಗಳಿಗೆ ಮಾತ್ರೆಯನ್ನು ಇನ್ನೊಂದರ ಜೊತೆ ಬೆರೆಸಬೇಡಿ ಎಂದು ಬದುಕಿಡೀ ಹೇಳಿದ ಮನುಷ್ಯನ ಸಾಮಾನು ಇದು.

ಮೇಲೆ ಬಂದು ಇಬ್ಬರನ್ನೂ ಕೂರಿಸಿ ಕಾನೂನು ಹೇಗಿದೆ ಎಂದು ಹೇಳಿದೆ. ಏರಿಸಿ ಹೇಳಲಿಲ್ಲ, ಇಳಿಸಿಯೂ ಹೇಳಲಿಲ್ಲ. ಅವಳ ಗಂಡ ತಟ್ಟೆಯನ್ನು ಕೆಳಗಿಟ್ಟ. ಅವಳು ಮಾತ್ರ ಒಂದೇ ಕೇಳಿದಳು: "ನಮ್ಮ ಇಂಟರ್‌ವ್ಯೂ ಮುಂದಿನ ವಾರದ ಆಚೆ ಅಲ್ವಾ ದೊಡ್ಡಮ್ಮ?"

ಅವರ ಲಾಯರ್ ಶನಿವಾರವಾದರೂ ಫೋನ್ ಎತ್ತಿದರು. ಅಮೆರಿಕನ್ ಹೆಂಗಸು, ನಿಧಾನವಾಗಿ ಮಾತಾಡಿದರು. ಅವರು ಹೇಳಿದ್ದರ ಸಾರ ಇಷ್ಟು: ಗೊತ್ತಿಲ್ಲದೆ ಇಟ್ಟುಕೊಂಡದ್ದು ಒಂದು, ಗೊತ್ತಿದ್ದು ಇಟ್ಟುಕೊಂಡದ್ದು ಇನ್ನೊಂದು. ಈ ಗಂಟೆಯಿಂದ ನಿಮಗೆ ಗೊತ್ತು. ಇಂದು ರಾತ್ರಿ ಅದು ಆ ಮನೆಯಲ್ಲಿ ಇರಬಾರದು. ಸಂದರ್ಶನದಲ್ಲಿ ಕೇಳಿದರೆ ನಿಜ ಹೇಳಿ. ಅದರ ಮಾಲೀಕ ಅದು ತನ್ನದು, ಇವರಿಗೆ ಕಾನೂನು ಗೊತ್ತಿರಲಿಲ್ಲ ಎಂದು ನನಗೆ ಹೇಳಿಕೆ ಕೊಟ್ಟರೆ ಬಹಳ ಸಹಾಯ.

ಅಂಕಲ್‌ಗೆ ನಾನೇ ಫೋನ್ ಮಾಡಿದೆ, ಸ್ಪೀಕರಿನಲ್ಲಿ.

"ಡಾಕ್ಟ್ರೇ, ಮಕ್ಕಳ ಮನೇಲಿದೀನಿ. ನಿಮ್ಮ ಬಕೆಟ್ ನೋಡಿದೆ. ಇವತ್ತೇ ಬಂದು ತಗೊಂಡು ಹೋಗ್ಬೇಕು."

"ಇವತ್ತ? ನಾಳೆ ಓಪನ್ ಹೌಸ್ ಅದ ತಂಗಿ, ಮನಿ ನೋಡ್ಲಿಕ್ಕೆ ಮಂದಿ ಬರ್ತಾರ. ಎಲ್ಲಿ ಇಡ್ಲಿ? ಖಾಲಿ ಹಿತ್ತಾಳಿ ಅದು, ಏನು ತಿಂತದ?"

"ವೀಸಾದವರು ಇಟ್ಕೋಬಾರ್ದು ಅಂತ ನನಗೆ ಹೇಳಿಕೊಟ್ಟವರು ನೀವೇ."

"ರೇಂಜಿನ್ಯಾಗ ನಾಕು ಮಂದಿ ನೋಡ್ತಿರ್ತಾರ, ಅದಕ್ಕ ಹೇಳಿದ್ದು. ಮನಿಯಾಗ ಯಾರು ಬಂದು ನೋಡ್ತಾರ?"

"ಅದರಲ್ಲಿ ಪ್ರೈಮರ್ ಇರೋ ಕೇಸ್ ಇದೆ. ಈ ಹುಡುಗಿ ಅದರಲ್ಲಿ ಊದಿನಕಡ್ಡಿ ಹಚ್ಚಿ ಇಟ್ಟಿದ್ದಾಳೆ."

"ಹೌದಾ," ಎಂದರು ಅಂಕಲ್. ಆಮೇಲೆ, "ಯಾವ ಬಕೆಟ್‌ದು ತಗೊಂಡಾಳ? ನೀಲಿ ಮುಚ್ಚಳದ್ದಲ್ಲಲಾ? ಅದು ನನ್ನ ಚೊಲೊ ಲಾಟ್, ಒಂದೊಂದ ಆರಿಸಿ ಇಟ್ಟೇನಿ."

ನೀಲಿ ಮುಚ್ಚಳದ್ದೇ ಆಗಿತ್ತು. ನಾನು ಫೋನ್ ಇಟ್ಟೆ.

ಬಕೆಟ್ಟುಗಳನ್ನು ನನ್ನ ವ್ಯಾನಿಗೆ ಹೊತ್ತೆವು. ಪ್ರೈಮರ್ ಇದ್ದವನ್ನು ಆರಿಸಿ ಬೇರೆ ಪೆಟ್ಟಿಗೆಯಲ್ಲಿ, ಟವೆಲ್ ಸುತ್ತಿ ಇಟ್ಟೆ. ಹುಡುಗ ಬೆವರುತ್ತಾ ಹೇಳಿದ: "ಮೊದಲು ಅವರ ಮಗನ ಮನೇಗೆ ತಗೊಂಡ್ ಹೋಗಿದ್ರಂತೆ. ಮನೇಲಿ ಮಕ್ಕಳಿದಾರೆ, ಇದೆಲ್ಲ ಬೇಡ ಡ್ಯಾಡ್ ಅಂದ್ನಂತೆ ಅವನು. ಅಂಕಲ್ಲೇ ನಗ್ತಾ ಹೇಳಿದ್ರು."

ಸ್ವಂತ ಮಗ ಬೇಡ ಎಂದಾಗ ಅವರು ನಗುತ್ತಾ ವಾಪಸ್ ತಂದರು. ಅಮೆರಿಕದಲ್ಲೇ ಹುಟ್ಟಿದ, ಯಾವ ಕಾಗದಕ್ಕೂ ಕಾಯಬೇಕಿಲ್ಲದ ಮಗ. ಆಮೇಲೆ ಊರಿಡೀ ಹುಡುಕಿ, ಬೇಡ ಎನ್ನಲು ಬಾರದ, ಇಟ್ಟುಕೊಂಡರೆ ಎಲ್ಲ ಕಳೆದುಕೊಳ್ಳಬಹುದಾದ ಇಬ್ಬರ ಮನೆಯನ್ನು ಆರಿಸಿದರು. ಹಿತ್ತಾಳೆ ಆರಿಸುವುದರಲ್ಲಿ ಅವರಿಗೆ ಕಣ್ಣು ಚೆನ್ನಾಗಿತ್ತು. ಮನೆ ಆರಿಸುವುದರಲ್ಲೂ.

ಒಳಗೆ ಹೋದಾಗ ಅವಳು ಅರಮನೆಯ ಬೇಲಿ ಕಿತ್ತು ಮುಗಿಸಿದ್ದಳು. ಪಂಚೆಯ ಮೇಲೆ ಕೇಸ್ ನಿಂತ ಕಡೆಯಲ್ಲೆಲ್ಲ ಪಾಲಿಶಿನ ಕಪ್ಪು ಉಂಗುರಗಳು ಉಳಿದಿದ್ದವು.

ಅಂಕಲ್ ವಿಕ್ಸಮ್‌ಗೆ ಬಂದದ್ದು ಐದಾರು ದಿನಗಳಾದ ಮೇಲೆ, ಬಕೆಟ್ ತೆಗೆದುಕೊಂಡು ಹೋಗಲು. ಹಾಗೆಂದರೆ ಅವರಿಗೆ ಜಾಗ ಸಿಕ್ಕಿತ್ತು. ಅಷ್ಟರಲ್ಲಿ ನಾನು ಎಲ್ಲವನ್ನೂ ನನ್ನ ಬೆಂಚಿನ ಮೇಲೆ ಸುರಿದು ನೋಡಿದ್ದೆ. ಪ್ರತಿ ಬಕೆಟ್ಟಿಗೂ ಚೀಟಿ ಅಂಟಿಸಿದ್ದೆ: ಗುರುತು ಬೆರೆತಿದೆ, ಎಷ್ಟು ಸಲ ಹಾರಿದ್ದು ಗೊತ್ತಿಲ್ಲ. ದೀಪದ ಪಾಲಿಶಿನಲ್ಲಿ ಅಮೋನಿಯಾ ಇತ್ತು, ಆದ್ದರಿಂದ ನೀಲಿ ಮುಚ್ಚಳದ್ದರ ಮೇಲೆ: ಅಮೋನಿಯಾ ತಗುಲಿದೆ, ಬಳಸಬಾರದು.

ಅವರು ನೀಲಿ ಮುಚ್ಚಳವನ್ನೇ ಮೊದಲು ತೆರೆದರು. ಒಂದನ್ನು ಎತ್ತಿ ಬೆಳಕಿಗೆ ಹಿಡಿದರು.

"ಹಾಳು ಮಾಡ್ಯಾರ ನೋಡು. ಹುಣಸೀಹಣ್ಣು ಹಚ್ಚಿ ತಿಕ್ಕ್ಯಾರ. ಇಷ್ಟು ಒಂದ ಗುರುತಿನವು ಈಗ ಎಲ್ಲಿ ಸಿಗ್ತಾವ?"

ಕಾಫಿ ಕೊಟ್ಟೆ. ಲಾಯರಿನ ನಂಬರ್ ಬರೆದ ಚೀಟಿಯನ್ನು ಅವರ ಮುಂದೆ ಇಟ್ಟೆ. "ಒಂದು ಫೋನ್ ಮಾಡಿ ಡಾಕ್ಟ್ರೇ. ಇದು ನನ್ನದು, ನಾನೇ ತಂದಿಟ್ಟೆ, ಅವರಿಗೆ ಗೊತ್ತಿರಲಿಲ್ಲ ಅನ್ನಿ. ಅಷ್ಟೇ."

ಅವರು ಆ ಚೀಟಿಯನ್ನು ಮುಟ್ಟಲಿಲ್ಲ. "ಹಂಗ ಹೇಳಿದ್ರ ನಾ ಕೊಟ್ಟಂಗ ಆತಲ್ಲ. ಕೊಟ್ಟವಗೂ ಕಾಯ್ದೆದಾಗ ಶಿಕ್ಷಾ ಅದ. ನನಗ ಮೆಡಿಕಲ್ ಲೈಸೆನ್ಸ್ ಅದ ತಂಗಿ."

"ಆ ಮಕ್ಕಳ ಕೈಯಲ್ಲಿ ಗ್ರೀನ್ ಕಾರ್ಡೂ ಇಲ್ಲ."

"ನೀ ಒಬ್ಬಾಕಿ ಇದನ್ನ ದೊಡ್ಡದ ಮಾಡಿದಿ. ನೀ ಹೇಳಿರ್ಲಿಲ್ಲಂದ್ರ ಅವ್ರಿಗೆ ಗೊತ್ತಾಗ್ತಿರ್ಲಿಲ್ಲ. ಗೊತ್ತಿರ್ಲಿಲ್ಲಂದ್ರ ತಪ್ಪೂ ಇರ್ತಿರ್ಲಿಲ್ಲ. ಲಾಯರ್ ಹೇಳಿದ್ದೂ ಅದನ ಅಲ್ಲೇನು? ಆ ಹುಡುಗ-ಹುಡುಗಿ ನಿದ್ದಿ ಕೆಡಿಸಿದಾಕಿ ನೀನು, ನಾನಲ್ಲ."

ಈ ಮಾತು ನನ್ನ ಜೊತೆ ಬಹಳ ದಿನ ಇತ್ತು. ಇದರಲ್ಲಿ ಕಾನೂನಿನ ಮಟ್ಟಿಗೆ ಒಂದು ಎಳೆ ನಿಜವಿದೆ, ಅದಕ್ಕೇ ಇದು ಇಷ್ಟು ಉರಿಯುತ್ತದೆ. ಡೆಸ್ಕಿನಲ್ಲಿ ಇದ್ದಾಗಲೂ ಇಂಥ ಫೋನುಗಳು ಬರುತ್ತಿದ್ದವು. ಸೇತುವೆಯಲ್ಲಿ ಬಿರುಕಿದೆ ಎಂದು ಅಚ್ಚು ಹಾಕಿದರೆ, ನೀವು ಬರೆಯದಿದ್ದರೆ ಜನ ನೆಮ್ಮದಿಯಾಗಿ ಓಡಾಡುತ್ತಿದ್ದರು ಎನ್ನುವವರು. ಬಿರುಕಿಗೆ ಕಾರಣನಾದವನ ಬಗ್ಗೆ ಅವರಿಗೆ ತಕರಾರಿಲ್ಲ, ನೋಡಿದವರ ಬಗ್ಗೆ ಮಾತ್ರ. ಆ ಮಕ್ಕಳಿಗೆ ಗೊತ್ತಿರಲಿಲ್ಲ ಎಂಬುದು ನಿಜ. ಅಂಕಲ್‌ಗೆ ಗೊತ್ತಿತ್ತು ಎಂಬುದೂ ನಿಜ. ಗೊತ್ತಿದ್ದ ಮನುಷ್ಯ ಗೊತ್ತಿಲ್ಲದವರ ಮನೆಯನ್ನು ತನ್ನ ಕಪಾಟು ಮಾಡಿಕೊಂಡು, ಆ ಅಜ್ಞಾನವನ್ನೇ ಅವರಿಗೆ ತಾನು ಕೊಟ್ಟ ರಕ್ಷಣೆ ಎಂದು ಹೇಳುತ್ತಾ ನನ್ನ ಕಾಫಿ ಕುಡಿಯುತ್ತಿದ್ದ.

ಬಕೆಟ್ ಅವರದು. ಕೊಟ್ಟೆ. ಕಾರಿನ ಡಿಕ್ಕಿ ಮುಚ್ಚುವ ಮೊದಲು ಅವರು ನೀಲಿ ಮುಚ್ಚಳದ ಮೇಲಿದ್ದ ಚೀಟಿಯನ್ನು ಕಿತ್ತು ಉಂಡೆ ಮಾಡಿ ಜೇಬಿಗೆ ಹಾಕಿಕೊಂಡರು.

ಸಂದರ್ಶನದ ಹಿಂದಿನ ದಿನ ಬೆಳಿಗ್ಗೆ ಹುಡುಗಿ ಫೋನ್ ಮಾಡಿದಳು. ದನಿ ಬಹಳ ಸಣ್ಣಗಿತ್ತು.

"ದೊಡ್ಡಮ್ಮ, ಇನ್ನೊಂದಿದೆ."

ನಾಳೆ ಹಾಕಿಕೊಳ್ಳುವ ಬಟ್ಟೆ ಒಗೆಯಲು ಇಳಿದಿದ್ದಳು. ಬಿದ್ದ ಕಾಲುಚೀಲಕ್ಕೆ ಬಗ್ಗಿದಾಗ ವಾಷಿಂಗ್ ಮೆಷಿನ್ನಿನ ಅಡಿಯಲ್ಲಿ, ಗೋಡೆಗೆ ಒರಗಿ ಒಂದು ಕೇಸ್ ಕಂಡಿತ್ತು.

"ಮುಟ್ಟಿದ್ಯಾ?"

"ಇಲ್ಲ. ಮುಟ್ಟಲಾ, ಬೇಡ್ವಾ? ಮುಟ್ಟಿದ್ರೆ ನಂದು ಅಂತ ಆಗುತ್ತಾ? ಬಿಟ್ರೆ ಇಟ್ಕೊಂಡೆ ಅಂತ ಆಗುತ್ತಾ?"

ಲಾಯರನ್ನು ಕೇಳುತ್ತೇನೆ, ಅಲ್ಲಿಯವರೆಗೆ ಹಾಗೇ ಇರಲಿ ಎಂದೆ.

"ಅಂಕಲ್‌ಗೆ ಫೋನ್ ಮಾಡ್ದೆ," ಎಂದಳು. "ಇಲ್ಲೇ ಹತ್ತು ನಿಮಿಷ ಅಲ್ವಾ, ಬಂದು ತಗೊಂಡ್ ಹೋಗ್ತಾರೆ ಅನ್ಕೊಂಡೆ. ಕಸದಾಗ ಒಗಿ ಮಗಳ ಅಂದ್ರು. ಕಸದ ಡಬ್ಬಿ ನಮ್ಮ ಮನೆ ಮುಂದೇನೇ ಇರೋದಲ್ವಾ ದೊಡ್ಡಮ್ಮ? ಬೆಳಗಾದ್ರೆ ನಮ್ಮ ಹೆಸರಿನ ಕಾಗದ ಎಲ್ಲ ಅದರಲ್ಲೇ ಇರುತ್ತೆ."

ಲಾಯರ್ ಕೋರ್ಟಿನಲ್ಲಿದ್ದರು, ಸಿಗಲಿಲ್ಲ. ನಾನು ಕಾರು ತೆಗೆದೆ. ಮಿಷಿಗನ್ ದಾಟಿ, ಇಂಡಿಯಾನಾದ ಸ್ಟೀಲ್ ಕಾರ್ಖಾನೆಗಳ ಹೊಗೆ ದಾಟಿ, ಚಿಕಾಗೋದ ಟ್ರಾಫಿಕ್ಕಿನಲ್ಲಿ ತೆವಳಿ ಅಲ್ಲಿಗೆ ಮುಟ್ಟಿದೆ. ಬೇಸ್‌ಮೆಂಟಿಗೆ ಇಳಿದಾಗ ಇಬ್ಬರೂ ಮೆಟ್ಟಿಲ ಮೇಲೆ ಕೂತಿದ್ದರು. ಕೆಲಸಕ್ಕೆ ರಜೆ ಹಾಕಿ, ಇನ್ನೂ ಎಲ್ಲಾದರೂ ಇದೆಯೇ ಎಂದು ಟಾರ್ಚ್ ಹಿಡಿದು ಮೂಲೆಮೂಲೆ ಹುಡುಕಿದ್ದರು. ವಾಷಿಂಗ್ ಮೆಷಿನ್ನಿನ ಮುಂದೆ ನೆಲದ ಮೇಲೆ ಒಂದು ಸ್ಟೀಲ್ ತಟ್ಟೆ ಅಡ್ಡ ನಿಲ್ಲಿಸಿದ್ದರು. ಅದು ಹೊರಗೆ ಉರುಳಿ ಬರದಿರಲಿ ಎಂದೋ, ಕಣ್ಣಿಗೆ ಕಾಣದಿರಲಿ ಎಂದೋ ನಾನು ಕೇಳಲಿಲ್ಲ.

ಕೋಲಿನಿಂದ ಎಳೆದೆ. ಬೆರಳುದ್ದದ ಹಿತ್ತಾಳೆ. ತಿರುಗಿಸಿ ನೋಡಿದೆ: ಗುಳಿ ಇತ್ತು. ಬಾಯಿಯಲ್ಲಿ ಬಿರುಕೂ ಇತ್ತು. ಯಾವ ಲೆಕ್ಕದಲ್ಲೂ ಕಸ. ಆರಿಸಿ ಇಡುವ ಯೋಗ್ಯತೆಯೂ ಅದಕ್ಕಿರಲಿಲ್ಲ, ಮೊದಲ ನೋಟಕ್ಕೇ ಎಸೆಯಬೇಕಿದ್ದದ್ದು. ಅದನ್ನು ಪರ್ಸಿನಲ್ಲಿ ಹಾಕಿಕೊಂಡು, ಅವಳು ಬೇಡವೆಂದರೂ ಮಾಡಿಕೊಟ್ಟ ಮೊಸರನ್ನ ತಿಂದು, ಬಂದ ದಾರಿಯಲ್ಲೇ ವಾಪಸ್ ಹೊರಟೆ. ಹತ್ತು ನಿಮಿಷದ ದೂರದಲ್ಲಿ ಅದರ ಮಾಲೀಕ ಮನೆಯಲ್ಲೇ ಇದ್ದರು.

ಸಂದರ್ಶನದಲ್ಲಿ ಅಧಿಕಾರಿ ವಿಳಾಸ ಕೇಳಿದರು, ಕೆಲಸ ಕೇಳಿದರು, ಮದುವೆ ಎಲ್ಲಿ ಆಯಿತು ಎಂದು ಕೇಳಿದರು. ಹಿತ್ತಾಳೆಯ ಹತ್ತಿರಕ್ಕೂ ಯಾವ ಪ್ರಶ್ನೆ ಬರಲಿಲ್ಲ. ಕಾರ್ಡುಗಳು ಚಳಿಗಾಲ ಮುಗಿಯುವ ಮೊದಲು ಅಂಚೆಯಲ್ಲಿ ಬಂದವು. ಹುಡುಗಿ ಫೋನಿನಲ್ಲಿ ಹೇಳಿ ಅತ್ತಳು. ಮೈಸೂರಿಗೆ ಟಿಕೆಟ್ ತೆಗೆದಳು.

ಯುಗಾದಿಗೆ ಸಂಘದವರು ಒಂದು ಶಾಲೆಯ ಹಾಲ್ ಬಾಡಿಗೆಗೆ ಹಿಡಿದಿದ್ದರು. ನಾನೂ ಹೋಗಿದ್ದೆ. ಒಬ್ಬಟ್ಟಿನ ಊಟದ ಪಂಕ್ತಿಯಲ್ಲಿ ಅಂಕಲ್ ಪಕ್ಕಕ್ಕೆ ಸಿಕ್ಕರು. ಮನೆ ಒಳ್ಳೆಯ ಬೆಲೆಗೆ ಹೋಗಿತ್ತು, ಮುಖದಲ್ಲಿ ಕಳೆ ಇತ್ತು.

"ನೋಡ ತಂಗಿ, ಏನಾತು? ಏನೂ ಆಗ್ಲಿಲ್ಲ. ಸುಮ್ನ ಹೆದರಿಸಿ ಬಿಟ್ಟಿದ್ದಿ ಅವರನ್ನ."

ಸುತ್ತ ಇದ್ದವರು ನಕ್ಕರು. ಕಥೆ ಅಷ್ಟರಲ್ಲಿ ಎಲ್ಲರಿಗೂ ಗೊತ್ತಿತ್ತು: ವಿಕ್ಸಮ್‌ನ ಆಂಟಿ ಗೊಂಬೆಯ ಬೇಲಿ ನೋಡಿ ಗಾಬರಿ ಬಿದ್ದ ಕಥೆ. ಹಾಗೆ ಹೇಳಿದರೆ ನಗು ಬರುತ್ತದೆ, ನನಗೂ. ನಮ್ಮ ಡೆಸ್ಕಿನಲ್ಲಿ ಏನೂ ಆಗದಿದ್ದರೆ ಸುದ್ದಿ ಇಲ್ಲ ಎನ್ನುತ್ತಿದ್ದರು. ಈಗ ಆ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಒಂದು ಮನೆಯಲ್ಲಿ ಹಬ್ಬದ ಮಧ್ಯೆ ದೀಪ ಆರಿಸಿದರು. ಇಬ್ಬರು ತಮ್ಮದೇ ಬೇಸ್‌ಮೆಂಟಿನಲ್ಲಿ ಟಾರ್ಚ್ ಹಿಡಿದು ಮೊಣಕಾಲೂರಿ ಹುಡುಕಿದರು. ಒಬ್ಬಳು ಎದುರಿಗಿದ್ದ ವಸ್ತುವನ್ನು ಮುಟ್ಟಬೇಕೋ ಬೇಡವೋ ಎಂದು ತಿಳಿಯದೆ ಒಂದು ಇಡೀ ದಿನ ಮೆಟ್ಟಿಲ ಮೇಲೆ ಕೂತಳು. ಇದೆಲ್ಲ ಆಯಿತು. ಅಂಕಲ್‌ಗೆ ಆಗಲಿಲ್ಲ, ಅಷ್ಟೇ.

ಇದನ್ನು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ನನ್ನ ಹುಡುಗಿ ಕೋಸಂಬರಿಯ ಪಾತ್ರೆ ಹಿಡಿದು ಬಂದಳು. ಅಂಕಲ್ ಅವಳ ತಲೆ ಮುಟ್ಟಿದರು.

"ಬಾ ಮಗಳ, ಕಂಗ್ರಾಟ್ಸ್. ಒಂದು ಕೆಲಸ ಆಗಬೇಕಲ್ಲ ನಿನ್ನಿಂದ. ಸಂಘದ ಸ್ಟೇಜಿನ ಪರದೆ, ಹಲಗಿ ಎಲ್ಲಾ ನನ್ನ ಗರಾಜಿನಾಗ ಇದ್ವು. ಹೊಸ ಕಾಂಡೋದಾಗ ಜಾಗ ಇಲ್ಲ. ನಿಮ್ಮ ಬೇಸ್‌ಮೆಂಟಿನಾಗ ಇಟ್ಬಿಡೋಣು. ಬಟ್ಟಿ, ಕಟಗಿ ಅಷ್ಟ, ಹೆದರಬ್ಯಾಡ."

ಮತ್ತೆ ನಗು. ಅವಳ ಗಂಡ ತನ್ನ ಎಲೆಯ ಕಡೆ ನೋಡಿದ. ಅವಳು ಅಂಕಲ್‌ರ ಎಲೆಗೆ ಒಂದು ಸೌಟು ಕೋಸಂಬರಿ ಬಡಿಸಿದಳು.

"ಜಾಗ ಇಲ್ಲ ಅಂಕಲ್."

"ಯಾಕಿಲ್ಲ? ನಾ ನೋಡೇನಲ್ಲ, ಪೂರ್ತಿ ಖಾಲಿ ಅದ."

"ಹೌದು ಅಂಕಲ್, ಖಾಲಿ ಇದೆ," ಎಂದಳು. "ಜಾಗ ಇಲ್ಲ."

ಪಾತ್ರೆ ಎತ್ತಿಕೊಂಡು ಮುಂದಿನ ಎಲೆಗೆ ಹೋದಳು.